ಪಾರ್ಕಿಂಗ್ ದಂಡ, ಚಾಲನಾ ಪರವಾನಗಿ: ಅಧಿಕಾರ ಯಾರದ್ದು?

ಮೂಲ
1. ಯಾಂತ್ರಿಕ ವಾಹನಗಳು: ಸಂವಿಧಾನದ 7ನೇ ಅನುಸೂಚಿ, ಸಮವರ್ತಿ ಪಟ್ಟಿ, ನಮೂದು 35.
2. ಮೋಟಾರು ವಾಹನ ಕಾಯ್ದೆ 1988. ಜಾರಿ 1989 ಜುಲೈ 1.
3. ದಂಡ ಹೆಚ್ಚಿಸಿದ ತಿದ್ದುಪಡಿ: ಜಾರಿ 2019 ಸೆಪ್ಟೆಂಬರ್ 1.

ಮುಖ್ಯ ಕಲಂಗಳು
- 3: ಪರವಾನಗಿ ಕಡ್ಡಾಯ
- 4: ಕನಿಷ್ಠ ವಯಸ್ಸು 18, 50 ಸಿಸಿ ಮೀರದ ಬೈಕ್‌ಗೆ 16, ಸಾರಿಗೆ ವಾಹನಕ್ಕೆ 20
- 117: ನಿಲುಗಡೆ ಸ್ಥಳ ನಿಗದಿ
- 122: ಅಪಾಯಕರ ನಿಲುಗಡೆ
- 127: ಟೋಯಿಂಗ್, ಚಕ್ರಕ್ಕೆ ಬೀಗ
- 177: ಸಾಮಾನ್ಯ ದಂಡ ₹500 ವರೆಗೆ, ಮರುಕಳಿಸಿದರೆ ₹1,500 ವರೆಗೆ
- 181: ಪರವಾನಗಿ ಇಲ್ಲದೆ ಚಾಲನೆ, ₹5,000

ಪ್ರಶ್ನಿಸುವ ದಾರಿ
- ಪರವಾನಗಿ ನಿರಾಕರಣೆ (ಕಲಂ 17): ಲಿಖಿತ ಕಾರಣ ಕೊಡಲೇಬೇಕು, 30 ದಿನದೊಳಗೆ ಮೇಲ್ಮನವಿ.
- ಸ್ಥಳದಲ್ಲೇ ಕಟ್ಟುವುದು ರಾಜಿ ಮೊತ್ತ (ಕಲಂ 200). ಒಪ್ಪದಿದ್ದರೆ ನ್ಯಾಯಾಲಯ.

ಗೊಂದಲ ಬೇಡ
- ಕಲಂ 19: ಅನರ್ಹಗೊಳಿಸುವುದು ಪರವಾನಗಿ ಪ್ರಾಧಿಕಾರ. ಕಲಂ 20: ನ್ಯಾಯಾಲಯ.
- ಪಾರ್ಕಿಂಗ್ ಶುಲ್ಕ ಸೇವೆಗೆ, ದಂಡ ಉಲ್ಲಂಘನೆಗೆ.
- ಕಲಂ 127ರಡಿ ವಾಹನ ಎತ್ತಲು 10 ಗಂಟೆ ಕಾಯುವ ನಿಯಮ ವಾರಸುದಾರರಿಲ್ಲದೆ ಬಿಟ್ಟ ವಾಹನಕ್ಕೆ ಮಾತ್ರ. ನೋ ಪಾರ್ಕಿಂಗ್ ಫಲಕದಡಿ ನಿಲ್ಲಿಸಿದ ಸ್ಕೂಟರ್ ಎತ್ತಲು ಕಾಯಬೇಕಿಲ್ಲ. ಆದರೆ ಅನುಮತಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯದ್ದೇ ಆಗಿರಬೇಕು, ಟೋಯಿಂಗ್ ಸಿಬ್ಬಂದಿಯದ್ದಲ್ಲ.

ನೆನಪಿನ ಸೂತ್ರ: 17 ನಿರಾಕರಣೆ, 19 ಪ್ರಾಧಿಕಾರ, 20 ನ್ಯಾಯಾಲಯ.