ರಕ್ತನಾಳದ ಗೋಡೆಯೊಳಗಿನ ಉರಿಯೂತ

ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕೆಸರು ಕಟ್ಟಿಕೊಳ್ಳುವಂತೆ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ ಎಂದು ಮರ್ಕಂಜ, ಸುಳ್ಯದ ಕಡೆಯ ಕೃಷಿಕರು ಭಾವಿಸಿದರೆ ಅದು ಸಹಜವೇ. ಆದರೆ ರಕ್ತನಾಳವು ಸಜೀವ ಅಂಗ. ಅದರ ಗೋಡೆ ಕೆಡುವುದರಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳ ಪಾಲೂ ಇದೆ.

ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿದಾಗ ಅದು ನಾಳದ ಒಳಪದರವನ್ನು ದಾಟಿ ಗೋಡೆಯಲ್ಲಿ ಸಿಲುಕಿ ವಿಕಾರ ಹೊಂದುತ್ತದೆ. ಒಳಪದರದ ಕೋಶಗಳು ಕೂಡಲೇ ಅಪಾಯದ ಸಂಕೇತ ನೀಡುತ್ತವೆ. ಆ ಕರೆಗೆ ಓಗೊಟ್ಟು ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ಗೋಡೆಯನ್ನು ಹೊಕ್ಕು, ಮ್ಯಾಕ್ರೋಫೇಜ್‌ಗಳಾಗಿ ಮಾರ್ಪಟ್ಟು, ಕೊಬ್ಬನ್ನು ನುಂಗುತ್ತವೆ. ನುಂಗಿದ್ದನ್ನು ಹೊರಹಾಕಲಾರದೆ ಉಬ್ಬಿ ‘ನೊರೆಕೋಶ’ಗಳಾಗುತ್ತವೆ. ಇವು ಇಂಟರ್‌ಲ್ಯೂಕಿನ್ ಮುಂತಾದ ಸಂದೇಶ ವಸ್ತುಗಳನ್ನು ಸ್ರವಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಹೀಗೆ ಕರೆಗೆ ಕರೆ ಸೇರಿ ಉರಿಯೂತ ವರ್ಷಗಟ್ಟಲೆ ಆರದೆ ಉಳಿಯುತ್ತದೆ. ಟಿ-ಕೋಶಗಳ ಸಂದೇಶದಿಂದ ಕೊಬ್ಬಿನ ಗಂಟಿನ ಮೇಲಿನ ನಾರಿನ ಹೊದಿಕೆ ತೆಳುವಾಗುತ್ತದೆ. ಅದು ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಸಂಭವಿಸುತ್ತದೆ. ಅದುವರೆಗೆ ಯಾವ ನೋವೂ ಕಾಣದಿರಬಹುದು.

2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಅಧ್ಯಯನವು ಇದಕ್ಕೆ ಪುರಾವೆ ಒದಗಿಸಿತು. ಹಿಂದೆ ಹೃದಯಾಘಾತಕ್ಕೆ ಒಳಗಾಗಿದ್ದ 10,000ಕ್ಕೂ ಹೆಚ್ಚು ಜನರು ಅದರಲ್ಲಿ ಪಾಲ್ಗೊಂಡಿದ್ದರು. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವನ್ನು ತಡೆಯುವ ಔಷಧ ಪಡೆದವರಲ್ಲಿ, ಕೆಟ್ಟ ಕೊಲೆಸ್ಟರಾಲ್ ತಗ್ಗದಿದ್ದರೂ, ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು. ಆದರೆ ಪ್ರಾಣಾಂತಿಕ ಸೋಂಕುಗಳು ತುಸು ಹೆಚ್ಚಿದವು. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳನಿಗೂ ಅನುಕೂಲವಲ್ಲವೇ? ಆದುದರಿಂದ ಕಾವಲುಗಾರನು ಕೂಗುವ ಕಾರಣವನ್ನೇ ತಗ್ಗಿಸುವುದು ವಿವೇಕ.

ಬೀಡಿ, ಸಿಗರೇಟು, ವೀಳ್ಯದೊಡನೆ ಹೊಗೆಸೊಪ್ಪು ಇವುಗಳನ್ನು ತ್ಯಜಿಸಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಪರೀಕ್ಷಿಸಿಕೊಂಡು ಹತೋಟಿಯಲ್ಲಿಡಬೇಕು. ವೈದ್ಯರು ಕೊಟ್ಟ ಸ್ಟಾಟಿನ್ ಮಾತ್ರೆಯನ್ನು ‘ಈಗ ಆರಾಮವಾಗಿದ್ದೇನೆ’ ಎಂದು ಸ್ವಂತ ನಿರ್ಧಾರದಿಂದ ನಿಲ್ಲಿಸುವವರು ಅನೇಕರು. ಆ ಮಾತ್ರೆ ಕೊಲೆಸ್ಟರಾಲ್ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ನೋವಿಲ್ಲವೆಂಬುದು ಗುಣವಾದುದರ ಗುರುತಲ್ಲ.

ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ‘ಗ್ಯಾಸ್’ ಎಂದು ಕಷಾಯ ಕುಡಿದು ಮಲಗಬಾರದು. ಮರ್ಕಂಜದಂತಹ ಗ್ರಾಮದಿಂದ ಮಂಗಳೂರಿನ ಹೃದ್ರೋಗ ಆಸ್ಪತ್ರೆಗಳಿಗೆ ದಾರಿ ದೂರ. ತಕ್ಷಣ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಬೇಗ ದೊರೆತಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಕಾಯಕಕ್ಕೆ ಆಧಾರವಾದ ಕಾಯವನ್ನು ಕಾಪಾಡಿಕೊಳ್ಳುವುದೂ ಸದ್ಭಕ್ತರ ಕರ್ತವ್ಯವೇ ಆಗಿದೆ.