ಗಾಜಿನ ಪೆಟ್ಟಿಗೆಯಲ್ಲೊಂದು ಹುತ್ತ

ಬಯಲುಸೀಮೆಯ ಬೇಸಿಗೆಯಲ್ಲಿ ಬೆಳಿಗ್ಗೆ ಹೊಲದ ಬದುವಿನ ಮೇಲೆ ಕೇರೆಹಾವು ಬಿಸಿಲಿಗೆ ಮೈಯೊಡ್ಡಿ ಮಲಗಿರುವುದನ್ನು ನೀವು ನೋಡಿರಬಹುದು. ಹೊತ್ತೇರಿ ನೆಲ ಕಾಯತೊಡಗಿದ ಮೇಲೆ ಹೋಗಿ ನೋಡಿ, ಅದು ಅಲ್ಲಿರುವುದಿಲ್ಲ. ಹುತ್ತವನ್ನೋ ಇಲಿಯ ಬಿಲವನ್ನೋ ಸೇರಿರುತ್ತದೆ. ಹಾವು ಸಾಕಲು ಹೊರಟವರ ಮೊದಲ ಪಾಠ ಇದರಲ್ಲೇ ಇದೆ. ಹಾವಿಗೆ ಬಿಸಿ ಬೇಕು. ಸಾಕೆನಿಸಿದಾಗ ಆ ಬಿಸಿಯಿಂದ ಸರಿದು ಹೋಗಲು ಒಂದು ಜಾಗವೂ ಬೇಕು.

ಸೆಕೆಯಾದರೆ ನಾವು ಬೆವರುತ್ತೇವೆ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಹಾವಿಗೆ ಬೆವರಿನ ಗ್ರಂಥಿಗಳಿಲ್ಲ. ಸುತ್ತಲಿನ ನೆಲ, ಗಾಳಿ ಎಷ್ಟು ಕಾದಿದೆಯೋ ಅದರ ಮೈಯೂ ಅಷ್ಟೇ ಕಾಯುತ್ತದೆ. ಅದಕ್ಕೆ ಗೊತ್ತಿರುವ ಮುಖ್ಯ ಉಪಾಯವೆಂದರೆ ಜಾಗ ಬದಲಿಸುವುದು. ಅಂಥ ಜೀವಿಯನ್ನು ಮೂರು ನಾಲ್ಕು ಅಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ ಗಳಿಗೆಯಿಂದ, ಆ ಉಪಾಯವನ್ನು ಅದಕ್ಕೆ ಮರಳಿ ಒದಗಿಸುವ ಹೊಣೆ ನಮ್ಮದು.

ಯಾರು, ಯಾವ ಹಾವು ಸಾಕಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ನಾಗರಹಾವು, ಕೇರೆ, ನಮ್ಮ ಕಾಡಿನ ಹೆಬ್ಬಾವು ಇವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನಿನಂಥ ವಿದೇಶಿ ಹಾವು ಇರುವವರು ಆ ಕಾಯ್ದೆಯ 2022ರ ತಿದ್ದುಪಡಿಯಂತೆ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ, ಮಗಳ ಹಟಕ್ಕೆ ಮಣಿದು ಮೊದಲ ಹಾವನ್ನು ಮನೆಗೆ ತಂದಿದ್ದೀರಾದರೆ, ಅದು ಬಾಲ್ ಪೈಥಾನೋ ಕಾರ್ನ್ ಸ್ನೇಕೋ ಆಗಿರುವ ಸಂಭವವೇ ಹೆಚ್ಚು. ಬಾಲ್ ಪೈಥಾನ್ ಘಾನಾ, ಟೋಗೋ, ಬೆನಿನ್ ಕಡೆಯ ಹುಲ್ಲುಗಾವಲಿನ ಚಿಕ್ಕ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಅಲ್ಲೂ ಅದು ಹಗಲು ಕಳೆಯುವುದು ಇಲಿ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ.

ಎಷ್ಟು ಬಿಸಿ, ಎಲ್ಲಿ

ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಬಾಲ್ ಪೈಥಾನಿಗೆ ಬೆಚ್ಚನೆಯ ತುದಿಯಲ್ಲಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 25ರಿಂದ 27 ಡಿಗ್ರಿ ಸಾಕು. ಕಾರ್ನ್ ಸ್ನೇಕಿಗೆ ಎರಡೂ ಕಡೆ ಎರಡು ಮೂರು ಡಿಗ್ರಿ ಕಡಿಮೆಯೇ ಒಳ್ಳೆಯದು. ಇಡೀ ಪೆಟ್ಟಿಗೆ 35 ಡಿಗ್ರಿ ದಾಟಿತೆಂದರೆ ಅಪಾಯ ಬಾಗಿಲಿಗೆ ಬಂದಂತೆ. ಅಮೆರಿಕದ ಥರ್ಮಾಮೀಟರಿನಲ್ಲಿ ಅದು 95 ಡಿಗ್ರಿ ಫ್ಯಾರನ್‌ಹೀಟ್.

ಎರಡು ತುದಿಯಲ್ಲೂ ಹಾವು ಮೈಮುದುಡಿ ಕೂರುವಷ್ಟು ಒಂದೊಂದು ಗೂಡು ಇಡಿ. ಬೆಚ್ಚನೆಯ ಕಡೆ ಮಾತ್ರ ಗೂಡಿದ್ದರೆ ಹಾವು ಸೆಕೆಯನ್ನು ಸಹಿಸಿಕೊಂಡೇ ಅದರೊಳಗೆ ಉಳಿದುಬಿಡುತ್ತದೆ. ತಂಪು ಬೇಕೆನ್ನುವ ಆಸೆಗಿಂತ ಅಡಗಬೇಕೆನ್ನುವ ಭಯ ಅದಕ್ಕೆ ದೊಡ್ಡದು.

ಬಿಸಿ ಮಿತಿಮೀರುವುದು ಹೇಗೆ

ನನ್ನ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಪೆಟ್ಟಿಗೆಯ ಅಡಿಯಲ್ಲಿ ಕರೆಂಟಿನಲ್ಲಿ ಕಾಯುವ ಹೀಟ್ ಮ್ಯಾಟ್ ಇತ್ತು, ಅದರ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟೂ ಇತ್ತು. ಒಂದು ಬೆಳಿಗ್ಗೆ ನೋಡಿದರೆ, ಹಗಲಿಡೀ ಮಲಗುವ ಹಾವು ಗಾಜಿನ ಉದ್ದಕ್ಕೂ ಮೂಗು ತಿಕ್ಕುತ್ತ ಅತ್ತಿಂದಿತ್ತ ಹರಿದಾಡುತ್ತಿತ್ತು. ಥರ್ಮೋಸ್ಟಾಟ್ 32 ತೋರಿಸುತ್ತಿರಲಿಲ್ಲ, 24 ತೋರಿಸುತ್ತಿತ್ತು. ಅದರ ಸಂವೇದಕದ ತಂತಿ ಜಾರಿ ಹೊರಗಿನ ನೆಲಕ್ಕೆ ಬಿದ್ದಿತ್ತು. ನೆಲದ ತಂಪನ್ನೇ ಪೆಟ್ಟಿಗೆಯ ತಂಪೆಂದು ನಂಬಿದ ಯಂತ್ರ ರಾತ್ರಿಯಿಡೀ ಮ್ಯಾಟನ್ನು ಕಾಯಿಸುತ್ತಲೇ ಇತ್ತು. ಮ್ಯಾಟಿನ ಮೇಲಿನ ಗಾಜಿಗೆ ಕೈಯಿಟ್ಟೆ, ಇಟ್ಟ ಕೈ ನಿಲ್ಲಲಿಲ್ಲ. ಅವತ್ತು ಹಾವು ಉಳಿದದ್ದು ತಂಪಿನ ತುದಿಯಲ್ಲಿ ಇನ್ನೊಂದು ಗೂಡಿದ್ದುದರಿಂದ.

ಹೀಗಾಗಿ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟನ್ನಾಗಲಿ ಕಾವಿನ ಬಲ್ಬನ್ನಾಗಲಿ ಹಚ್ಚಲೇಬೇಡಿ. ಸಂವೇದಕವನ್ನು ಗಟ್ಟಿಯಾಗಿ ಕೂರಿಸಿ. ಅದನ್ನೊಂದನ್ನೇ ನಂಬದೆ ಎರಡು ತುದಿಯಲ್ಲೂ ಬೇರೆ ಡಿಜಿಟಲ್ ಥರ್ಮಾಮೀಟರ್ ಇಡಿ. ಗಾಜಿಗೆ ಅಂಟಿಸುವ ಮುಳ್ಳಿನ ಮಾಪಕ ಅಂಟಿದ ಜಾಗದ ಬಿಸಿ ಹೇಳುತ್ತದೆಯೇ ಹೊರತು ಹಾವು ಮಲಗಿದ ನೆಲದ ಬಿಸಿ ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ, ಕರೆಂಟಿನಲ್ಲಿ ಕಾಯುವ ಕಲ್ಲನ್ನು ತರಬೇಡಿ. ಹೊಟ್ಟೆ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಎದ್ದು ಹೋಗುವುದಿಲ್ಲ, ಅಡಿಯ ಹುರುಪೆ ಬಣ್ಣಗೆಟ್ಟು ಹುಣ್ಣಾದಾಗಲೇ ನಮಗೆ ಗೊತ್ತಾಗುವುದು.

ಕಿಟಕಿಯ ಬಿಸಿಲು ಇನ್ನೊಂದು ಶತ್ರು. ಗಾಜು ಬಿಸಿಲನ್ನು ಒಳಗೆ ಬಿಟ್ಟು ಬಿಸಿಯನ್ನು ಹಿಡಿದಿಡುತ್ತದೆ. ಕೋಣೆ ಹಿತವಾಗಿದ್ದರೂ ಬಿಸಿಲು ಬಿದ್ದ ಪೆಟ್ಟಿಗೆ ನೋಡನೋಡುತ್ತಲೇ ಒಲೆಯಾಗುತ್ತದೆ. ನಿಲ್ಲಿಸಿದ ಕಾರೂ ಹಾಗೆಯೇ. ಡಾಕ್ಟರ ಬಳಿಗೆ ಒಯ್ಯುವಾಗಲೂ ಹಾವನ್ನು ಕಾರಿನಲ್ಲಿ ಬಿಟ್ಟು ಐದು ನಿಮಿಷಕ್ಕೆಂದು ಇಳಿಯಬೇಡಿ.

ಹಾವು ಹೇಗೆ ಹೇಳುತ್ತದೆ

ಹಾವಿಗೆ ದನಿಯಿಲ್ಲ, ನಡವಳಿಕೆಯೇ ಅದರ ಮಾತು. ದಿನಗಟ್ಟಲೆ ತಂಪಿನ ತುದಿ ಬಿಟ್ಟು ಬರದಿದ್ದರೆ ಬೆಚ್ಚನೆಯ ಕಡೆ ಅಳೆದು ನೋಡಿ. ನೀರಿನ ಬಟ್ಟಲಿನಲ್ಲೇ ಸುತ್ತಿಕೊಂಡು ಮಲಗಿದರೂ ಅಷ್ಟೇ. ಪೊರೆ ಬಿಡುವ ಮುನ್ನ, ಮೈಗೆ ನುಸಿ ಹತ್ತಿದಾಗಲೂ ಹಾವು ನೀರಿಗಿಳಿಯುತ್ತದೆ. ಥರ್ಮಾಮೀಟರ್ ಸರಿಯಿದ್ದರೆ ಆಗ ಆ ಕಾರಣಗಳನ್ನು ಹುಡುಕಿ. ಬಿಡುವಿಲ್ಲದ ಓಡಾಟ, ಮುಚ್ಚಳವನ್ನು ತಲೆಯಿಂದ ನೂಕುವುದು ಮುಂದಿನ ಹಂತ.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ತಲೆ ನಡುಗಿ ಆಕಾಶದ ಕಡೆ ತಿರುಚಿಕೊಂಡರೆ, ಮಗುಚಿ ಹಾಕಿದಾಗ ಹೊರಳಿ ನೆಟ್ಟಗಾಗಲು ಬಾರದಿದ್ದರೆ, ಮೈ ಹಗ್ಗದಂತೆ ಸಡಿಲ ಬಿದ್ದರೆ, ಬಿಸಿ ಮಿದುಳಿಗೆ ತಟ್ಟಿದೆ ಎಂದೇ ತಿಳಿಯಿರಿ. ಅಲ್ಲಿಂದ ಮುಂದೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಆಗ ಏನು ಮಾಡಬೇಕು

ಗಾಬರಿಯಾಗಬೇಡಿ. ಮೊದಲು ಬಿಸಿಯ ಸ್ವಿಚ್ ಆರಿಸಿ. ಹಾವನ್ನು ಎತ್ತಿಕೊಂಡು ಮನೆಯ ತಂಪಾದ ಕೋಣೆಗೆ ಹೋಗಿ. ಅಗಲವಾದ ಡಬ್ಬಿಯಲ್ಲಿ, ಅದರ ಮೈ ಅರ್ಧ ಮುಳುಗುವಷ್ಟು ಮಾತ್ರ, ಕೈಗೆ ಹಿತವಾಗಿ ತಂಪೆನಿಸುವ ನೀರು ಹಾಕಿ ಅದರಲ್ಲಿ ಬಿಡಿ. ತಲೆ ನೀರಿನ ಮೇಲಿರಲಿ, ನೀವು ಕದಲದೆ ಪಕ್ಕದಲ್ಲಿರಿ. ತಲೆ ಎತ್ತುವಷ್ಟೂ ತ್ರಾಣವಿಲ್ಲದಿದ್ದರೆ ನೀರು ಬೇಡ, ಒದ್ದೆ ಟವೆಲನ್ನು ಮೈಗೆ ಸುತ್ತಿ.

ಐಸು, ಫ್ರಿಜ್ಜಿನ ನೀರು ಖಂಡಿತ ಕೂಡದು. ತೀರಾ ತಣ್ಣನೆಯದು ತಾಗಿದರೆ ಚರ್ಮದ ರಕ್ತನಾಳಗಳು ಕುಗ್ಗಿ ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಫೋನ್ ಮಾಡಲಿ. ಹಾವು ಚೇತರಿಸಿಕೊಂಡು ಹರಿದಾಡಿದರೂ ವೈದ್ಯರಿಗೆ ತೋರಿಸಲೇಬೇಕು, ಒಳಗಿನ ಅಂಗಗಳಿಗೆ ಆದ ಪೆಟ್ಟು ತಡವಾಗಿ ಕಾಣಿಸಬಹುದು. ಅವರು ಹೇಳುವವರೆಗೆ ಇಲಿ ಹಾಕಬೇಡಿ.

ಕಡು ಬೇಸಿಗೆಯಲ್ಲಿ

ಕೋಣೆಯೇ 32 ಡಿಗ್ರಿ ದಾಟುವ ದಿನಗಳಲ್ಲಿ ಮ್ಯಾಟು, ಬಲ್ಬು ಆರಿಸಿಬಿಡಿ. ಹೊಸಬರು ಪೆಟ್ಟಿಗೆಯ ಕಡೆಗೆ ಫ್ಯಾನ್ ತಿರುಗಿಸಿ ನಿಶ್ಚಿಂತರಾಗುತ್ತಾರೆ. ಫ್ಯಾನಿನ ಗಾಳಿ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಬೆವರದ ಹಾವಿಗೆ ಕಾದ ಕೋಣೆಯ ಗಾಳಿ ಕಾದ ಗಾಳಿಯೇ. ಮುಚ್ಚಳದ ಜಾಲರಿಯ ಒಂದು ಭಾಗಕ್ಕೆ ಒದ್ದೆ ಬಟ್ಟೆ ಹಾಸಿದರೆ ಆಗ ಗಾಳಿ ಕೆಲಸಕ್ಕೆ ಬರುತ್ತದೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ತಂಪಿನ ತುದಿಯ ಹೊರಗೋಡೆಗೆ ಒರಗಿಸಿಡಿ. ಪೆಟ್ಟಿಗೆ ಮಹಡಿಯಲ್ಲಿದ್ದರೆ ಕೆಳಗಿನ ಕೋಣೆಯ ನೆಲಕ್ಕೆ ಇಳಿಸಿ. ಇಡೀ ಮೈ ಹಿಡಿಸುವ ನೀರಿನ ಬಟ್ಟಲು ಯಾವಾಗಲೂ ಇರಲಿ.

ನಾನು ಈಗಲೂ ಬೆಳಿಗ್ಗೆ ಎದ್ದವನೇ ಮೊದಲು ಪೆಟ್ಟಿಗೆಯ ಎರಡೂ ತುದಿಯ ಅಂಕಿ ನೋಡುತ್ತೇನೆ, ಆಮೇಲೆ ಸಂವೇದಕದ ತಂತಿಯನ್ನು ಬೆರಳಲ್ಲಿ ಒಮ್ಮೆ ಎಳೆದು ನೋಡುತ್ತೇನೆ. ಊಟ ಮಾಡಿದ ಹಾವು ಎರಡು ದಿನ ಬೆಚ್ಚನೆಯ ಗೂಡಿನಲ್ಲಿದ್ದು, ಅರಗಿದ ಮೇಲೆ ತಾನಾಗಿ ತಂಪಿನ ಗೂಡಿಗೆ ಹೋಗುತ್ತದೆ. ನಿಮ್ಮ ಹಾವೂ ಹೀಗೆ ಆ ತುದಿಗೂ ಈ ತುದಿಗೂ ಹೋಗಿ ಬರುತ್ತಿದ್ದರೆ, ನೀವು ಅದಕ್ಕೊಂದು ಹುತ್ತ ಕಟ್ಟಿಕೊಟ್ಟಿದ್ದೀರಿ.