ಕ್ಯಾರವಾನಿನ ಫ್ರಿಜ್ಜಿನ ಫ್ಯಾನು ಸದ್ದು ಮಾಡಿದರೆ

ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ್ದು, ಬೇಕಲದಂಥ ಕಡಲತೀರದಲ್ಲಿ ಕ್ಯಾರವಾನ್ ಎಂಬ ಮನೆಯಂಥ ವಾಹನದೊಳಗೇ ರಾತ್ರಿ ಕಳೆಯುವವರಿಗೆ, ಫ್ರಿಜ್ಜಿನ ಹಿಂಬದಿಯ ಕಂಡೆನ್ಸರನ್ನು, ಅಂದರೆ ಒಳಗಿನ ಶಾಖವನ್ನು ಹೊರಬಿಡುವ ಕೊಳವೆಗಳನ್ನು, ತಂಪಾಗಿಡುವ 12 ವೋಲ್ಟಿನ ಪುಟ್ಟ ಫ್ಯಾನಿನ ಗರಗರ ಸದ್ದು ನಿದ್ದೆಗೆಡಿಸುವುದುಂಟು. ತಂತಿ ಕಿತ್ತು ಅದನ್ನು ಸುಮ್ಮನಾಗಿಸುವುದು ಸುಲಭವಾದರೂ, ಕರಾವಳಿಯ ಸೆಕೆಯಲ್ಲಿ ಶಾಖ ಸರಿಯಾಗಿ ಹೊರಹೋಗದೆ ಒಳಗಿಟ್ಟ ಮೀನು ಬೆಳಗಾಗುವಷ್ಟರಲ್ಲಿ ಕೆಟ್ಟೀತು. ವಿದ್ಯುತ್ ಸಂಪರ್ಕ ತಪ್ಪಿಸಿ, ಎಸಳುಗಳಿಗೆ ಅಂಟಿದ ಧೂಳನ್ನು ಬ್ರಶ್ಶಿನಿಂದ ತೆಗೆದು, ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಕ್ರೂಗಳನ್ನು ಬದಲಿಸಿ, ಫ್ಯಾನಿಗೂ ಅದನ್ನು ಬಿಗಿದ ಚೌಕಟ್ಟಿಗೂ ನಡುವೆ ರಬ್ಬರ್ ವಾಷರ್ ಕೂರಿಸಿದರೆ ಕಂಪನದ ಸದ್ದು ಅಡಗುತ್ತದೆ. ಆ ಬಳಿಕವೂ ಬೆರಳಿನಿಂದ ತಿರುಗಿಸುವಾಗ ಎಸಳು ತಡೆತಡೆದು ಸುತ್ತಿದರೆ ಬೇರಿಂಗ್, ಅಂದರೆ ಅಚ್ಚನ್ನು ಹೊತ್ತ ಭಾಗ, ಸವೆದಿದೆಯೆಂದು ತಿಳಿಯಬೇಕು. ಅದಕ್ಕೆ ಅಡುಗೆಮನೆಯ ತೆಂಗಿನೆಣ್ಣೆ ಬಿಟ್ಟರೆ ಕ್ರಮೇಣ ಅಂಟಾಗಿ ಧೂಳನ್ನೇ ಹಿಡಿಯುವುದರಿಂದ, ಅದೇ ಅಳತೆಯ ಬಾಲ್‌ಬೇರಿಂಗ್ ಫ್ಯಾನನ್ನು ಗಾಳಿಯ ದಿಕ್ಕು ತಪ್ಪದಂತೆ ಹಾಕಿಸುವುದೇ ಲೇಸು.